ಕಂಬದಿಂದ ಬಾವಿಯವರೆಗೆ

ಡ್ರೈವರು ಎಂಬ ಮಾತು ಕಿವಿಗೆ ಬಿದ್ದರೆ ನನ್ನ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದವರು, ನಾನು ಪಿ.ಯು.ಸಿ. ಓದುವಾಗ ಬೆಳಿಗ್ಗೆ ಏಳು ಗಂಟೆಗೆ ನಮ್ಮೂರಿಗೆ ಬಸ್ಸು ತರುತ್ತಿದ್ದ ಚಾಲಕರು. ಅವರು ಬಾರದ ದಿನ ಬಸ್ಸಿಲ್ಲ. ಬಸ್ಸಿಲ್ಲದ ದಿನ ನನಗೆ ಕಾಲೇಜಿಲ್ಲ. ಕಂಪ್ಯೂಟರಿನೊಳಗೂ ಡ್ರೈವರೆಂಬುದೊಂದು ಉಂಟು, ಅದು ತನ್ನ ಜಾಗದಲ್ಲಿ ಕೂರದಿದ್ದರೆ ಯಂತ್ರದ ಉಳಿದ ಅಂಗಗಳೆಲ್ಲ ಗಟ್ಟಿಮುಟ್ಟಾಗಿದ್ದರೂ ಪ್ರಯಾಣಿಕನು ನಿಲ್ದಾಣದಲ್ಲಿಯೇ ಉಳಿಯಬೇಕು ಎಂಬ ಸಂಗತಿ ನನಗೆ ತಿಳಿದದ್ದು ಈ ವರ್ಷ. ಅದೂ ಕಿರುಪ್ರಬಂಧವನ್ನು ಒಪ್ಪಿಸಲು ನಾಲ್ಕೇ ದಿನ ಉಳಿದಿದ್ದಾಗ.

ನನ್ನ ಲ್ಯಾಪ್‌ಟಾಪು ಹೊಸದಲ್ಲ. ಯಾರೋ ಪುಣ್ಯಾತ್ಮರು ನಾಲ್ಕು ವರ್ಷ ಬಳಸಿ ಕೈಬಿಟ್ಟದ್ದನ್ನು ಅಪ್ಪ ರೇಷ್ಮೆಗೂಡು ಮಾರಿ ಬಂದ ಹಣದಲ್ಲಿ ಕೊಡಿಸಿದ್ದರು. ಹಳೆಯ ಯಂತ್ರಕ್ಕೆ ಹಗುರವಾದದ್ದು ಬೇಕೆಂದು, ಹಾಸ್ಟೆಲಿನ ಹಿರಿಯ ವಿದ್ಯಾರ್ಥಿಯೊಬ್ಬರ ಮಾತು ಕೇಳಿ, ಅದಕ್ಕೆ ಲಿನಕ್ಸ್ ಮಿಂಟ್ ಹಾಕಿಕೊಂಡಿದ್ದೆ. ಲಿನಕ್ಸಿನ ತಿರುಳನ್ನು 1991ರಲ್ಲಿ ಬರೆಯತೊಡಗಿದವನು ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್. ಆಗ ಅವನಿಗೆ ಇಪ್ಪತ್ತೊಂದು ವರ್ಷ. ನನಗಿಂತ ಒಂದೇ ವರ್ಷ ದೊಡ್ಡವನು ಎಂದು ನೆನೆದಾಗಲೆಲ್ಲ ನನಗೆ ಒಂದಿಷ್ಟು ಉತ್ಸಾಹವೂ, ಅದಕ್ಕಿಂತ ಹೆಚ್ಚು ನಾಚಿಕೆಯೂ ಆಗುತ್ತದೆ. ಅದನ್ನು ಹಣ ಕೊಡದೆ ಪಡೆಯಬಹುದು. ಬಲ್ಲವರು ಒಳಗನ್ನು ಓದಿ ತಿದ್ದಲೂಬಹುದು. ನಾನು ಬಲ್ಲವನಲ್ಲ. ಆದರೆ ಬಲ್ಲವನಂತೆ ನಡೆದುಕೊಳ್ಳಲು ಬಲ್ಲವನೇ ಆಗಿರಬೇಕೆಂಬ ನಿಯಮವಿಲ್ಲವಲ್ಲ!

ಆ ಯಂತ್ರದೊಳಗೆ ನನ್ನ ಕಿರುಪ್ರಬಂಧವಿತ್ತು: ನಮ್ಮ ಹೋಬಳಿಯ ಬೀಸುವ ಪದಗಳು. ಬೇಸಗೆಯ ರಜೆಯೆಲ್ಲ ಅಜ್ಜಿಯ ಓರಗೆಯವರ ಮನೆ ಮನೆ ತಿರುಗಿ ಕೇಳಿ ಬರೆದ 41 ಹಾಡುಗಳು, ಅವುಗಳ ಮೇಲೆ ನನ್ನ ಟಿಪ್ಪಣಿ, ಒಟ್ಟು 58 ಪುಟ. ಹಾಡಿದವರಲ್ಲಿ ಹಿರಿಯರಾದ ನಮ್ಮ ಬೀದಿಯ ಮುದುಕಿ ದೀಪಾವಳಿಗೆ ಮುಂಚೆಯೇ ತೀರಿಕೊಂಡರು. ಅವರು ಹಾಡಿದ ಹನ್ನೊಂದು ಹಾಡುಗಳನ್ನು ಇನ್ನೊಮ್ಮೆ ಕೇಳಿ ಬರೆದುಕೊಳ್ಳುವಂತಿರಲಿಲ್ಲ. ಬೆರಳಚ್ಚು ಮಾಡಿದ ಮೇಲೆ ಹಸ್ತಪ್ರತಿಯ ಹಾಳೆಗಳನ್ನು ನಾನು ಜೋಪಾನವಾಗಿಡಲಿಲ್ಲ. ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳೋಣವೆಂದು ದಿನವೂ ಅಂದುಕೊಳ್ಳುತ್ತಿದ್ದೆ. ಅಂದುಕೊಳ್ಳುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ.

ನನ್ನ ಯಂತ್ರದಲ್ಲಿ ಪರದೆಗೆ ಚಿತ್ರ ಬಿಡಿಸುವ ಚಿಪ್ಪುಗಳು ಎರಡು. ಒಂದು ಇಂಟೆಲ್ ಪ್ರೊಸೆಸರಿನ ಒಳಗೇ ಇರುವ ಮಿತವ್ಯಯಿ; ಇನ್ನೊಂದು ಬೇರೆಯಾಗಿ ಕೂರಿಸಿದ ಎನ್‌ವಿಡಿಯ, ಬಲಶಾಲಿ, ವಿದ್ಯುತ್ತನ್ನು ಹೆಚ್ಚು ತಿನ್ನುವುದು. ಬೆರಳಚ್ಚಿಗೆ ಮೊದಲನೆಯದು ಧಾರಾಳವಾಗಿ ಸಾಕು. ಆದರೆ ಕೋಣೆಯ ಗೆಳೆಯ ಒಂದು ಗುರುವಾರದ ರಾತ್ರಿ, “ಜೋಡೆತ್ತನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕಿ ಕರುವಿನಿಂದ ಉಳುತ್ತಿದ್ದೀಯಲ್ಲೋ!” ಎಂದು ಹಾಸ್ಯ ಮಾಡಿದ. ಎತ್ತಿನ ಮಾತು ರೈತನ ಮಗನಿಗೆ ಚುಚ್ಚಿತು. ಕೂಡಲೇ ಎನ್‌ವಿಡಿಯದ ಡ್ರೈವರನ್ನು ಹಾಕಲು ಕುಳಿತೆ. ನಡುವೆ ಅದು ಏನೋ ಒಂದು ಗುಪ್ತಪದವನ್ನು ಕೇಳಿತು, ಕೊಟ್ಟೆ. ಯಂತ್ರ ಮತ್ತೆ ಏಳುವಾಗ ನೀಲಿಯ ಪುಟವೊಂದು ಕಾಣಿಸಿಕೊಂಡು ಯಾವುದಾದರೂ ಗುಂಡಿಯೊತ್ತೆಂದಿತು. ಇಂಗ್ಲಿಷಿನಲ್ಲಿದ್ದ ನೀಲಿ ಪುಟವನ್ನು ಕಂಡು ಹೆದರಿ ಸುಮ್ಮನೆ ಕುಳಿತೆ. ಹತ್ತು ಎಣಿಸಿ ಅದು ತಾನಾಗಿಯೇ ಹೊರಟುಹೋಯಿತು. ಪರದೆ ಎಂದಿನಂತೆ ಬಂದಿತು, ಆದರೆ ಹೊಸ ಡ್ರೈವರು ಮಾತ್ರ ಕೆಲಸ ಮಾಡುತ್ತಿರಲಿಲ್ಲ. ಗೆಳೆಯ ತಾನೆಲ್ಲೋ ಕೇಳಿದ್ದ ಒಂದು ಸಾಲಿನ ಆಜ್ಞೆಯನ್ನು ಹೇಳಿಕೊಟ್ಟ. ಅದರ ಅರ್ಥ ಅವನಿಗೂ ತಿಳಿಯದು, ನನಗೂ ತಿಳಿಯದು. ಇಬ್ಬರ ಅಜ್ಞಾನವೂ ಸೇರಿ ಒಂದು ಧೈರ್ಯವಾಯಿತು. ಟೈಪು ಮಾಡಿ, ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದೆ.

ಪರದೆ ಕಪ್ಪಾಯಿತು. ಎಡಗಡೆಯ ಮೇಲ್ಮೂಲೆಯಲ್ಲಿ ಒಂದು ಚಿಕ್ಕ ಬಿಳಿಯ ಗೆರೆ ಮಿಟುಕುತ್ತಿತ್ತು. ಅಷ್ಟೇ.

ಆ ರಾತ್ರಿ ನಾನು ಮಾಡಿದ ಕೆಲಸಗಳನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ವಿದ್ಯುತ್ ಗುಂಡಿಯನ್ನು ಅದುಮಿ ಹಿಡಿದು ಆರು ಸಲ ಯಂತ್ರದ ಉಸಿರು ಕಟ್ಟಿಸಿದೆ. ಬ್ಯಾಟರಿಯನ್ನು ಬಿಚ್ಚಿ ಹಾಕಿದೆ. ಲಿನಕ್ಸಿನವರ ಬಾಯಲ್ಲೆಲ್ಲ ಕೇಳಿದ್ದ ‘ನೋಮೋಡ್‌ಸೆಟ್’ ಎಂಬ ಮಂತ್ರವನ್ನೂ ಏಳುವ ಸಾಲಿಗೆ ಸೇರಿಸಿ ನೋಡಿದೆ. ಪರದೆಯ ಅಳತೆಯನ್ನು ಕರ್ನೆಲು ತಾನೇ ನಿರ್ಧರಿಸುವುದು ಬೇಡ ಎಂದು ಹೇಳುವ ಮಾತು ಅದು. ಕರ್ನೆಲಿನ ಚಿತ್ರದ ಡ್ರೈವರಿಗೂ ಚಿಪ್ಪಿಗೂ ಹೊಂದದೆ ಪರದೆ ಕಪ್ಪಾದಾಗ ಅದು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ನನ್ನ ಯಂತ್ರದ ಕಾಯಿಲೆ ಬೇರೆ. ಕಾಲಿಗೆ ಮುಳ್ಳು ಚುಚ್ಚಿದವನಿಗೆ ತಲೆನೋವಿನ ಮಾತ್ರೆ ಕೊಟ್ಟಂತಾಯಿತು. ಬೆಳಗಿನ ಮೂರು ಗಂಟೆಗೆ ಮಲಗಿದೆ, ನಿದ್ರೆ ಬರಲಿಲ್ಲ. ಕಣ್ಣು ಮುಚ್ಚಿದರೂ ಆ ಗೆರೆ ಮಿಟುಕುತ್ತಲೇ ಇತ್ತು.

ಶುಕ್ರವಾರ ಬೆಳಿಗ್ಗೆ ಯಂತ್ರವನ್ನು ಪೇಟೆಯ ಒಂದು ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿದ್ದವರು ಗುಂಡಿಯೊತ್ತಿ, ಕಪ್ಪು ಪರದೆಯನ್ನು ಒಂದು ಕ್ಷಣ ನೋಡಿ, “ಪೂರ್ತಿ ಅಳಿಸಿ ಹೊಸದಾಗಿ ಹಾಕಬೇಕು. ಐನೂರು ರೂಪಾಯಿ. ಒಳಗಿರೋದು ಹೋಗುತ್ತೆ, ಪರವಾಗಿಲ್ವಾ?” ಎಂದರು. ಒಳಗಿರುವುದು! ಆ ಮುದುಕಿ ಬೊಚ್ಚುಬಾಯಲ್ಲಿ ನಗುತ್ತ, ಮರೆತ ಸಾಲನ್ನು ಹುಡುಕುತ್ತ, ಬೀಸುವ ಕಲ್ಲಿಲ್ಲದಿದ್ದರೂ ಗಾಳಿಯಲ್ಲಿ ಕೈಯನ್ನು ತಿರುಗಿಸುತ್ತಿದ್ದುದು ನೆನಪಾಯಿತು. ಯಂತ್ರವನ್ನು ಮಡಚಿಕೊಂಡು ಹಿಂದಿರುಗಿದೆ. ದಾರಿಯಲ್ಲಿ ನಮ್ಮ ಕಾಲೇಜಿನ ಗಣಕ ಪ್ರಯೋಗಾಲಯದ ಸಹಾಯಕರು ಸಿಕ್ಕಿದರು. ಅವರಿಗೆ ಅಂದು ಪರೀಕ್ಷೆಯ ಕೆಲಸ. ನಿಂತು ನೋಡಲು ಹೊತ್ತಿರಲಿಲ್ಲ. “ಚಿತ್ರ ಹೋದರೆ ಅಕ್ಷರ ಇರುತ್ತಪ್ಪ. ಕಂಟ್ರೋಲು, ಆಲ್ಟು, ಎಫ್3, ಮೂರನ್ನೂ ಒಟ್ಟಿಗೆ ಒತ್ತು” ಎಂದಷ್ಟೇ ಹೇಳಿ ನಡೆದರು.

ಸಂಜೆ ಅಪ್ಪನ ಫೋನು ಬಂದಿತು. ಅಪ್ಪ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ, ಕಂಪ್ಯೂಟರು ಮುಟ್ಟಿದವರಲ್ಲ. ಹೇಳಬಾರದೆಂದು ಎಷ್ಟು ಹಿಡಿದುಕೊಂಡರೂ ನನ್ನ ದನಿಯೇ ಹೇಳಿಬಿಟ್ಟಿತು.

“ಯಾಕ್ಲಾ ಮಗಾ, ದನಿ ಹಿಂಗಾಗದೆ?”

ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೋಟ್ರು ನಿಂತೋದ್ರೆ ಮೊದ್ಲೇ ಬಾವಿಗೆ ಇಳೀತಾರೇನ್ಲಾ? ಕಂಬದಿಂದ ಬಾ. ಕಂಬ್ದಲ್ಲಿ ಕರೆಂಟ್ ಅದಾ ನೋಡು. ಆಮೇಲೆ ಫೀಜು. ಆಮೇಲೆ ಸ್ಟಾರ್ಟ್ರು. ಆಮೇಲೆ ಕೇಬಲ್ಲು. ಎಲ್ಲೀಗಂಟ ಬಂದದೆ, ಎಲ್ಲಿ ನಿಂತದೆ ಅಂತ ಗೊತ್ತಾಯ್ತದೆ. ಇನ್ನೊಂದ್ ಮಾತು. ಅದು ಕೆಡೋಕ್ ಮುಂಚೆ ಕಡೇದಾಗಿ ಎಲ್ಲಿ ಕೈ ಇಟ್ಟಿದ್ದೆ?” ಎಂದರು.

ಮೂರು ವರ್ಷ ತರ್ಕಶಾಸ್ತ್ರದ ಹೆಸರು ಕೇಳಿದವನು ನಾನು. ಅದರ ಪ್ರಯೋಗವನ್ನು ಹೇಳಿದವರು ಅಪ್ಪ.

ಆ ರಾತ್ರಿ ಕಂಬದಿಂದಲೇ ಹೊರಟೆ. ಯಂತ್ರವನ್ನು ಹೊತ್ತಿಸಿದೊಡನೆ ತಯಾರಕರ ಗುರುತು ಪರದೆಯ ಮೇಲೆ ಮೂಡಿ ಮಾಯವಾಯಿತು. ಇದನ್ನು ಹಿಂದಿನ ರಾತ್ರಿಯೂ ಕಂಡಿದ್ದೆ, ಆದರೆ ನೋಡಿರಲಿಲ್ಲ. ಗುರುತು ಮೂಡಿತು ಎಂದ ಮೇಲೆ ಪರದೆ ಸತ್ತಿಲ್ಲ, ಅದರ ತಂತಿಯೂ ಕಡಿದಿಲ್ಲ. ಕಂಬದಲ್ಲಿ ಕರೆಂಟಿದೆ! ಮುಂದಿನದು ಗ್ರಬ್, ಅಂದರೆ ಕರ್ನೆಲನ್ನು ಎತ್ತಿ ತರುವ ಪುಟ್ಟ ಕಾರ್ಯಕ್ರಮ. ಏಳುವಾಗ ಎಸ್ಕೇಪ್ ಗುಂಡಿಯನ್ನು ತಟ್ಟಿದರೆ ಅದರ ಪಟ್ಟಿ ಕಾಣಿಸುತ್ತದೆ. ಕಂಡಿತು, ಫ್ಯೂಸು ಸರಿಯಾಗಿದೆ. ಅಲ್ಲಿ ‘ಇ’ ಅಕ್ಷರವನ್ನು ಒತ್ತಿದರೆ ಕರ್ನೆಲಿಗೆ ಕೊಡುವ ಆಜ್ಞೆಯ ಸಾಲನ್ನು ತಿದ್ದಬಹುದು. ಆ ಸಾಲಿನ ಕೊನೆಯಲ್ಲಿ ಎರಡು ಮಾತುಗಳಿದ್ದವು: ‘ಕ್ವಯಟ್’, ‘ಸ್ಪ್ಲಾಶ್’. ಸದ್ದು ಮಾಡಬೇಡ, ಚಿತ್ರ ತೋರಿಸಿ ಒಳಗಿನದನ್ನು ಮರೆಮಾಡು ಎಂದು ಅವುಗಳ ಅರ್ಥ. ಇಷ್ಟು ದಿನ ನಾವೇ ಅದರ ಬಾಯಿ ಮುಚ್ಚಿಸಿ, ಈಗ ಏನೂ ಹೇಳುತ್ತಿಲ್ಲವೆಂದು ಅದನ್ನೇ ದೂರುತ್ತಿದ್ದೆವು! ಎರಡನ್ನೂ ಅಳಿಸಿ ಎಫ್10 ಒತ್ತಿದೆ. ಹೀಗೆ ತಿದ್ದಿದ್ದು ಆ ಒಂದು ಸಲಕ್ಕೆ ಮಾತ್ರ. ಮುಂದಿನ ಸಲ ಹಳೆಯ ಸಾಲೇ ಇರುತ್ತದೆಯಾದ್ದರಿಂದ ಭಯವಿಲ್ಲ.

ಯಂತ್ರ ಮಾತನಾಡತೊಡಗಿತು. ನೂರಾರು ಸಾಲುಗಳು ಮೇಲಕ್ಕೆ ಓಡಿದವು. ಆಮೇಲೆ ಸಾಲುಸಾಲಾಗಿ ಹಸುರಿನಲ್ಲಿ ‘ಓಕೆ’, ‘ಓಕೆ’, ‘ಓಕೆ’. ಡಿಸ್ಕು ಸರಿ, ಕಡತಗಳ ಉಗ್ರಾಣ ಸರಿ, ಜಾಲದ ಸಂಪರ್ಕ ಸರಿ. ಕಟ್ಟಕಡೆಗೆ ಕೆಂಪಿನ ಒಂದು ಸಾಲು: ‘ಲೈಟ್ ಡಿಸ್ಪ್ಲೇ ಮ್ಯಾನೇಜರು’ ಏಳಲಿಲ್ಲ. ಹೆಸರು ಕೇಳಿಸುವ ಪರದೆಯನ್ನು ತೆರೆದು ನಮ್ಮನ್ನು ಒಳಕ್ಕೆ ಕರೆದುಕೊಳ್ಳುವ ದ್ವಾರಪಾಲಕ ಅದು. ಮನೆಯೆಲ್ಲ ಎಚ್ಚರವಾಗಿದೆ, ಬಾಗಿಲು ತೆಗೆಯುವವನೊಬ್ಬ ಮಾತ್ರ ಬಿದ್ದುಕೊಂಡಿದ್ದಾನೆ. ಹಾಗಿದ್ದರೆ ಮನೆಯನ್ನೇ ಕೆಡವಿ ಕಟ್ಟಬೇಕೆಂದ ಅಂಗಡಿಯ ಮಾತನ್ನು ಕೇಳದೆ ಬಂದದ್ದು ಎಷ್ಟು ಒಳ್ಳೆಯದಾಯಿತು!

ಸಹಾಯಕರು ಹೇಳಿದ ಮೂರು ಗುಂಡಿಗಳನ್ನು ಒತ್ತಿದೆ. ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳಲ್ಲಿ ನನ್ನ ಹೆಸರನ್ನು ಕೇಳಿತು. ಗುಪ್ತಪದವನ್ನು ಟೈಪು ಮಾಡುವಾಗ ಒಂದು ಚುಕ್ಕೆಯೂ ಮೂಡುವುದಿಲ್ಲ. ಕತ್ತಲಲ್ಲಿ ಕೀಲಿಕೈ ತಿರುಗಿಸಿದಂತೆ. ಒಳಗೆ ಬಂದೆ. ಪ್ರಬಂಧವಿದ್ದ ಕಡತಕೋಶದ ಪಟ್ಟಿಯನ್ನು ಕೇಳಿದೆ. ಹೆಸರಿರಬೇಕಾದ ಕಡೆ ಬರಿಯ ಚೌಕಗಳ ಸಾಲೊಂದು ನಿಂತಿತ್ತು.

ಎದೆ ಝಲ್ಲೆಂದಿತು. ಕಡತ ಕೆಟ್ಟುಹೋಯಿತೆಂದೇ ತಿಳಿದೆ. ಆಮೇಲೆ ಪಕ್ಕದಲ್ಲಿದ್ದ ಅಳತೆಯನ್ನೂ ತಾರೀಖನ್ನೂ ನೋಡಿದೆ: ಗುರುವಾರ ಸಂಜೆಯದು, ಅಳತೆಯೂ ಸರಿಯಾಗಿದೆ. ಕೆಟ್ಟಿದ್ದುದು ಕಡತವಲ್ಲ. ಅದಕ್ಕೆ ನಾನು ಕನ್ನಡದಲ್ಲಿ ಹೆಸರಿಟ್ಟಿದ್ದೆ, ಆ ಕಪ್ಪು ಅಂಗಳಕ್ಕೆ ಕನ್ನಡ ಬರುವುದಿಲ್ಲ! ಅಲ್ಲಿನ ಅಚ್ಚಿನ ಪೆಟ್ಟಿಗೆಯಲ್ಲಿ ಹೆಚ್ಚೆಂದರೆ 512 ಮೊಳೆಗಳಿಗೆ ಸ್ಥಳ. ಗುಣಿತ, ಒತ್ತಕ್ಷರಗಳನ್ನು ಹೊಂದಿಸಿ ಜೋಡಿಸುವ ಉಪಾಯವೂ ಅಲ್ಲಿಲ್ಲ. ಕ, ಹಲಂತದ ಗುರುತು, ಷ ಎಂದು ಮೂರಾಗಿ ಶೇಖರವಾಗಿರುವುದನ್ನು ‘ಕ್ಷ’ ಎಂದು ಒಂದಾಗಿ ಬರೆಯಲು ಚಿತ್ರದ ವ್ಯವಸ್ಥೆಯೇ ಏಳಬೇಕು. ಲಿನಕ್ಸು ಹುಟ್ಟಿದ 1991ರಲ್ಲಿಯೇ ಕನ್ನಡಕ್ಕೂ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಸ್ಥಾನ ದೊರೆಯಿತು. ಆದ್ದರಿಂದ ಡಿಸ್ಕಿನಲ್ಲಿ ನನ್ನ ಅಕ್ಷರಗಳು ಒಂದೂ ತಪ್ಪದೆ ಇದ್ದವು. ಕಾಣಿಸುವ ಕಣ್ಣಷ್ಟೇ ಇರಲಿಲ್ಲ. ಚಿತ್ರದ ಡ್ರೈವರು ಆಟವಾಡುವ ಹುಡುಗರಿಗೆ ಬೇಕಾದ ಶೋಕಿ ಎಂದು ತಿಳಿದಿದ್ದ ನನಗೆ, ಕನ್ನಡ ಓದುವವನಿಗೂ ಅದು ಅನ್ನದಂತೆ ಬೇಕು ಎಂದು ಅಂದು ಗೊತ್ತಾಯಿತು.

ಅಲ್ಲಿ ಕನ್ನಡವನ್ನು ಟೈಪು ಮಾಡಲೂ ಬರುವುದಿಲ್ಲ. ಹೆಸರು ಹೇಳದೆ ಕಡತವನ್ನು ಕರೆಯುವುದು ಹೇಗೆ? ನಕ್ಷತ್ರ ಚಿಹ್ನೆಯೊಂದನ್ನು ಬರೆದರೆ ‘ಹೆಸರು ಏನಾದರೂ ಇರಲಿ’ ಎಂದರ್ಥ. ಪೆನ್‌ಡ್ರೈವನ್ನು ಸಿಕ್ಕಿಸಿ, ಅದು ಯಾವ ಹೆಸರಿನಲ್ಲಿ ಬಂದಿದೆಯೆಂದು ಪಟ್ಟಿಯಲ್ಲಿ ಹುಡುಕಿ, ‘ಮೌಂಟ್’ ಎಂಬ ಆಜ್ಞೆಯಿಂದ ಅದನ್ನು ಒಂದು ಖಾಲಿ ಕೋಶಕ್ಕೆ ಜೋಡಿಸಿ, ನಕ್ಷತ್ರದ ಗುರುತಿನಿಂದ ಕಡತಗಳನ್ನೆಲ್ಲ ನಕಲು ಮಾಡಿದೆ. ಬಿಡಿಸುವ ಆಜ್ಞೆಯನ್ನೂ ಕೊಟ್ಟೆ. ಅದಾದ ಮೇಲೆಯೇ ಪೆನ್‌ಡ್ರೈವನ್ನು ಕಿತ್ತೆ. ಬಿಡಿಸದೆ ಕಿತ್ತರೆ ಕೊನೆಯ ಪುಟಗಳು ದಾರಿಯಲ್ಲಿಯೇ ಉಳಿಯಬಹುದು. ಆ ರಾತ್ರಿ ಒಂದು ಗಂಟೆಗೆ ಮಲಗಿದೆ. ಪರದೆ ಇನ್ನೂ ಕಪ್ಪಾಗಿಯೇ ಇತ್ತು, ಆದರೆ ನಿದ್ರೆ ಬಂದಿತು.

ಶನಿವಾರ ರಾತ್ರಿ ಅಪ್ಪನ ಎರಡನೆಯ ಪ್ರಶ್ನೆ: ಕಡೆಯದಾಗಿ ಎಲ್ಲಿ ಕೈಯಿಟ್ಟಿದ್ದೆ? ಚಿತ್ರದ ವ್ಯವಸ್ಥೆ ತನಗಾದದ್ದನ್ನೆಲ್ಲ ಒಂದು ದಿನಚರಿಯಲ್ಲಿ ಬರೆದಿಡುತ್ತದೆ. ಅದರಲ್ಲಿ ತಪ್ಪಿನ ಸಾಲುಗಳ ಮುಂದೆ ‘ಇಇ’ ಎಂಬ ಗುರುತಿರುತ್ತದೆ. ಪುಟಗಟ್ಟಲೆ ಓದುವುದು ಬೇಡ; ಆ ಗುರುತನ್ನು ಹಿಡಿದು ಹೋದರೆ ಸಾಕು. ಎನ್‌ವಿಡಿಯ ಸಿಗಲಿಲ್ಲ ಎಂದು ಒಂದು ಸಾಲು. ಪರದೆಗಳೇ ಇಲ್ಲ ಎಂದು ಕೊನೆಯ ಸಾಲು. ಪರದೆಯ ಮೇಲೆಯೇ ‘ಪರದೆಯಿಲ್ಲ’ ಎಂದು ಓದಿ ನಗು ಬಂದಿತು. ಇಂಟೆಲ್ ಚಿಪ್ಪಿನ ಕಡೆಗೆ ಅದು ತಿರುಗಿಯೂ ನೋಡಿರಲಿಲ್ಲ. ಏಕೆ? ಹುಡುಕಿದಾಗ ‘ಜೋರ್ಗ್’ ಎಂಬ ಹೆಸರಿನ ಒಂದು ಆದೇಶಪತ್ರ ಸಿಕ್ಕಿತು. ‘ಎನ್‌ವಿಡಿಯವನ್ನೇ ಬಳಸತಕ್ಕದ್ದು’ ಎಂದು ಅದರಲ್ಲಿ ಬರೆದಿತ್ತು. ಬರೆದ ತಾರೀಖು ಗುರುವಾರ ರಾತ್ರಿ. ಗೆಳೆಯ ಹೇಳಿ ನಾನು ಟೈಪು ಮಾಡಿದ ಆ ಒಂದು ಸಾಲು ಮಾಡಿದ ಕೆಲಸ ಅದು! ಇನ್ನೊಬ್ಬರನ್ನು ಬೈಯಲು ಸಿದ್ಧವಾಗಿದ್ದ ನಾಲಗೆಯನ್ನು ಒಳಕ್ಕೆ ಎಳೆದುಕೊಂಡೆ.

ಇನ್ನು ಎನ್‌ವಿಡಿಯದ ಡ್ರೈವರಾದರೂ ಏಕೆ ಬರಲಿಲ್ಲ? ಕೈಯಿಂದಲೇ ಅದನ್ನು ಕರೆದು ನೋಡಿದೆ: ‘ಕೀಲಿಯನ್ನು ತಿರಸ್ಕರಿಸಲಾಗಿದೆ’ ಎಂಬ ಉತ್ತರ ಬಂದಿತು. ಆಗ ನೀಲಿಯ ಪುಟ ನೆನಪಾಯಿತು. ಈ ಡ್ರೈವರು ಕರ್ನೆಲಿನ ಮನೆಯೊಳಗೆ ಹುಟ್ಟಿದ್ದಲ್ಲ, ಹೊರಗಿನಿಂದ ಬರುವಂಥದು. ಇಂಥವನ್ನು ಪ್ರತಿಯೊಂದು ಹೊಸ ಕರ್ನೆಲಿಗೂ ಹೊಂದುವಂತೆ ನಮ್ಮ ಯಂತ್ರದಲ್ಲಿಯೇ ಮರಳಿ ಕಟ್ಟಿಕೊಡಲು ಡಿಕೆಎಮ್‌ಎಸ್ ಎಂಬ ಏರ್ಪಾಡಿದೆ. ಆ ಕಂಪನಿಯೊಡನೆ ಹೊಂದಿಕೊಂಡು ಹೋಗುವ ಕಷ್ಟವನ್ನು ಕುರಿತು ಟೋರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಆಡಿದ ಮಾತು ಕಾಲೇಜಿನ ಪತ್ರಿಕೆಯಲ್ಲಿ ಅಚ್ಚು ಮಾಡುವಂಥದಲ್ಲ. 2022ರಲ್ಲಿ ಕಂಪನಿಯವರು ಹೊಸ ಚಿಪ್ಪುಗಳಿಗಾಗಿ ಕರ್ನೆಲಿಗೆ ಸೇರುವ ಭಾಗದ ಮೂಲವನ್ನು ಬಹಿರಂಗಪಡಿಸಿದರು. ಅದಿರಲಿ, ನನ್ನ ತೊಂದರೆಗೆ ಇವರಾರೂ ಕಾರಣರಲ್ಲ. 2012ರಲ್ಲಿ ವಿಂಡೋಸ್ 8ರ ಯಂತ್ರಗಳೊಡನೆ ಬಳಕೆಗೆ ಬಂದ ‘ಸೆಕ್ಯೂರ್ ಬೂಟ್’ ಎಂಬ ಕಾವಲು, ಗೊತ್ತಿರುವವರ ಸಹಿಯಿಲ್ಲದ ಯಾವುದನ್ನೂ ಬುಡದೊಳಕ್ಕೆ ಬಿಡುವುದಿಲ್ಲ. ನನ್ನ ಯಂತ್ರದಲ್ಲಿ ಕಟ್ಟಿದ ಡ್ರೈವರಿಗೆ ನನ್ನ ಯಂತ್ರದ್ದೇ ಸಹಿ. ಆ ಸಹಿ ನಮ್ಮದು ಎಂದು ಮನೆಯ ಯಜಮಾನನು ತಾನೇ ಬಾಗಿಲಿಗೆ ಬಂದು ಒಂದು ಸಲ ಹೇಳಬೇಕು. ಹಾಗೆ ಹೇಳಲೆಂದೇ ಆ ನೀಲಿಯ ಪುಟ. ಹತ್ತು ಸೆಕೆಂಡು ಕಾದದ್ದು ನನಗಾಗಿಯೇ. ಯಜಮಾನನು ಕಂಬಳಿ ಹೊದ್ದು ಅಡಗಿಕೊಂಡಿದ್ದ.

ಆದೇಶಪತ್ರವನ್ನು ಅಳಿಸಲಿಲ್ಲ, ಬೇರೆ ಹೆಸರಿಟ್ಟು ಬದಿಗೆ ಸರಿಸಿದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಬದಲಾಯಿಸಿದ್ದನ್ನು ಹಿಂದಿರುಗಿಸುವಂತಿರಬೇಕು ಎಂಬಷ್ಟು ಬುದ್ಧಿ ಆ ಹೊತ್ತಿಗೆ ಬಂದಿತ್ತು. ಯಂತ್ರವನ್ನು ಮತ್ತೆ ಎಬ್ಬಿಸಿದೆ. ಗುರುತು ಮೂಡಿತು, ಮರೆಯಾಯಿತು, ಕಪ್ಪಾಯಿತು. ನನ್ನ ಉಸಿರು ನಿಂತಿತು. ಆಮೇಲೆ ಬೆಳಕು ಬಂದಿತು. ಕಡತಕೋಶವನ್ನು ತೆರೆದೆ. ಚೌಕಗಳಿದ್ದ ಕಡೆ ‘ಬೀಸುವ ಪದಗಳು’ ಎಂದು ದುಂಡಗೆ, ಒತ್ತಾಗಿ, ಕಣ್ತುಂಬ ಕನ್ನಡ ನಿಂತಿತ್ತು. ಒಂದನೆಯ ತರಗತಿಯಲ್ಲಿ ಮೊದಲ ಸಲ ಓದಲು ಬಂದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲವೇನೋ.

ಬೆರಳಚ್ಚಿಗೆ ಅಷ್ಟು ಸಾಕಾಗಿತ್ತು. ಆದರೂ ಓಡಿಹೋದ ಕಡೆಗೆ ಒಮ್ಮೆ ಹಿಂದಿರುಗದೆ ಸಮಾಧಾನವಿರಲಿಲ್ಲ. ಸೋಮವಾರ ಪ್ರಬಂಧವನ್ನು ಅಚ್ಚು ಹಾಕಿಸಿ ಗುರುಗಳ ಕೈಗೆ ಒಪ್ಪಿಸಿದ ಮೇಲೆ, ಅಂದಿನ ರಾತ್ರಿಯೇ ಕೀಲಿಯನ್ನು ನೋಂದಾಯಿಸುವ ಆಜ್ಞೆ ಕೊಟ್ಟು ಯಂತ್ರವನ್ನು ಎಬ್ಬಿಸಿದೆ. ನೀಲಿಯ ಪುಟ ಬಂದಿತು. ಈ ಸಲ ಗುಂಡಿಯೊತ್ತಿದೆ, ಪುಟವನ್ನು ನಿಧಾನವಾಗಿ ಓದಿದೆ. ಕೀಲಿಯನ್ನು ಸೇರಿಸು, ಮುಂದುವರಿ, ಹೌದು, ಗುಪ್ತಪದ. ನಾಲ್ಕೇ ಮೆಟ್ಟಿಲು! ಎನ್‌ವಿಡಿಯ ಎದ್ದು ಕುಳಿತಿತು. ಹೈಸ್ಕೂಲಿನ ಇಂಗ್ಲಿಷಿನಲ್ಲಿ ಓದಬಹುದಾದ ಆ ನಾಲ್ಕು ಸಾಲುಗಳಿಗೆ ಹೆದರಿ ನಾನು ಮೂರು ರಾತ್ರಿಗಳನ್ನು ತೆತ್ತಿದ್ದೆ.

ನಾವು ವಿದ್ಯಾರ್ಥಿಗಳು ಓದುವುದಕ್ಕೆಂದೇ ಇಲ್ಲಿಗೆ ಬಂದವರು. ಆದರೆ ಎದುರಿಗೆ ಬರೆದಿಟ್ಟಿರುವುದನ್ನು ಓದದೆ ಉತ್ತರವನ್ನು ಊಹಿಸುವ ಅಭ್ಯಾಸ ನಮ್ಮಲ್ಲಿ ಎಷ್ಟು ಬೇರೂರಿದೆ ಎಂಬುದು ನನಗೆ ಪರೀಕ್ಷೆಯ ಕೊಠಡಿಯಲ್ಲಿ ತಿಳಿಯಲಿಲ್ಲ. ಕಪ್ಪು ಪರದೆಯ ಮುಂದೆ ತಿಳಿಯಿತು. ಕತ್ತಲಾಯಿತು ಎಂದ ಮಾತ್ರಕ್ಕೆ ಕೆಟ್ಟಿತು ಎಂದಲ್ಲ. ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ಕೇಳಿದರೆ ಕತ್ತಲೂ ಉತ್ತರ ಕೊಡುತ್ತದೆ. ಕೇಳುವ ಕ್ರಮವನ್ನು ಬಲ್ಲವರು ಪಂಪ್‌ಸೆಟ್ಟಿನ ಮುಂದೆಯೂ ಇರುತ್ತಾರೆ. ಈಗ ನನ್ನ ಹಾಡುಗಳು ಮೂರು ಕಡೆ ಇವೆ: ಯಂತ್ರದಲ್ಲಿ, ಪೆನ್‌ಡ್ರೈವಿನಲ್ಲಿ, ಗುರುಗಳ ಬೀರುವಿನಲ್ಲಿ.

ಶನಿವಾರದ ಆ ರಾತ್ರಿ ಹನ್ನೆರಡಾಗಿದ್ದರೂ ಅಪ್ಪನಿಗೆ ಫೋನು ಮಾಡಿದೆ. ತೋಟಕ್ಕೆ ಕರೆಂಟು ಬರುವ ಹೊತ್ತೆಂದು ಎಚ್ಚರವಾಗಿಯೇ ಇದ್ದರು. ನಾನು ಬಾಯಿ ತೆರೆಯುವ ಮೊದಲೇ, “ಏನ್ಲಾ, ನೀರು ಬಂತಾ?” ಎಂದರು.

“ಬಂತಪ್ಪ” ಎಂದೆ.